ಜಾನ್ಸ್ ಕ್ರೀಕ್‌ನಿಂದ ಲಂಕಾ ದರ್ಶನ

ಒಂದು ಊರನ್ನು ನೋಡದೆ ಇರುವವರಿಗೆ ಅದರ ಬಗ್ಗೆ ಮಾತಾಡುವ ಧೈರ್ಯ ಜಾಸ್ತಿ. ನೋಡಿ ಬಂದವರು "ಚೆನ್ನಾಗಿತ್ತು, ಸ್ವಲ್ಪ ಸೆಕೆ" ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನಾನು ಹಾಗಲ್ಲ. ಗಾಲೆಯ ಕೋಟೆಗೆ ಯಾವ ಬಾಗಿಲಿನಿಂದ ಹೋದರೆ ಬಿಸಿಲು ಮುಖಕ್ಕೆ ಬೀಳುವುದಿಲ್ಲ, ಯಾವ ಹೋಟೆಲಿನ ಬಾತ್‌ರೂಮು ಕ್ಲೀನಾಗಿದೆ, ಕ್ಯಾಂಡಿಯಿಂದ ಬೆಟ್ಟ ಹತ್ತುವ ರೈಲಿನಲ್ಲಿ ಯಾವ ಕಡೆಯ ಕಿಟಕಿ ಹಿಡಿದರೆ ಟೀ ತೋಟ ಕಾಣುತ್ತದೆ, ಯಾವ ಕಡೆ ಕೂತರೆ ಬರೀ ಗುಡ್ಡದ ಮಣ್ಣು ಕಾಣುತ್ತದೆ, ಎಲ್ಲವನ್ನೂ ನನ್ನನ್ನು ಕೇಳಿ. ನಾನಿರುವುದು ಜಾರ್ಜಿಯಾದ ಜಾನ್ಸ್ ಕ್ರೀಕ್‌ನಲ್ಲಿ, ಅಟ್ಲಾಂಟಾದ ಹತ್ತಿರ. ಶ್ರೀಲಂಕಾಕ್ಕೆ ಕಾಲಿಟ್ಟವಳಲ್ಲ, ಇಡುವ ಲಕ್ಷಣವೂ ಸದ್ಯಕ್ಕಿಲ್ಲ. ಆದರೂ ಅಲ್ಲಿ ಐದು ಜನ ಹುಡುಗಿಯರು ಶನಿವಾರ ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿಗೆ ಹೋಗಬೇಕು, ಬುತ್ತಿಗೆ ಏನು ಕಟ್ಟಿಕೊಳ್ಳಬೇಕು ಎನ್ನುವುದನ್ನು ತಿಂಗಳುಗಟ್ಟಲೆ ನಿರ್ಧರಿಸಿದವಳು ನಾನೇ. ಅಟ್ಲಾಂಟಾ ಡೌನ್‌ಟೌನಿಗೆ ಹೋಗುವಾಗ ಈಗಲೂ ತಪ್ಪು ಎಕ್ಸಿಟ್ ತೆಗೆದುಕೊಳ್ಳುತ್ತೇನೆ, ಅದು ಬೇರೆ ವಿಷಯ.

ಇದೆಲ್ಲ ಶುರುವಾಗಿದ್ದು ನಮ್ಮ ಒಬ್ಬಳೇ ಮಗಳು ಇಂಚರಳಿಂದ. ಹೈಸ್ಕೂಲ್ ಮುಗಿಸಿ, ಒಳ್ಳೆಯ ಕಾಲೇಜಿನಲ್ಲಿ ಸೀಟೂ ಸಿಕ್ಕಿದ ಮೇಲೆ ಒಂದು ದಿನ ಊಟದ ಟೇಬಲ್ಲಿನಲ್ಲಿ, "ಅಮ್ಮಾ, ನಾನು ಗ್ಯಾಪ್ ಇಯರ್ ತಗೋತೀನಿ" ಎಂದಳು. ನಮ್ಮ ಕಾಲದಲ್ಲಿ ಮೈಸೂರಿನಲ್ಲಿ ಓದಿನ ನಡುವೆ ಗ್ಯಾಪ್ ಬಿತ್ತೆಂದರೆ ಒಂದೋ ಟೈಫಾಯಿಡ್ ಆಗಿರಬೇಕು, ಇಲ್ಲ ಫೇಲಾಗಿರಬೇಕು. ಬೇಕಂತಲೇ ಗ್ಯಾಪ್ ತೆಗೆದುಕೊಳ್ಳುವುದನ್ನು ನಾನು ಕೇಳಿರಲಿಲ್ಲ. "ಯಾಕೆ?" ಎಂದೆ. "ಒಂಬತ್ತನೇ ಗ್ರೇಡ್ ಫುಲ್ ಬೆಡ್‌ರೂಮಲ್ಲಿ ಕೂತು ಓದಿದೀನಿ ಅಮ್ಮಾ. ಸ್ಕ್ರೀನ್ ಮಾತ್ರ ನೋಡಿದೀನಿ. ಸಮ್‌ಥಿಂಗ್ ರಿಯಲ್ ನೋಡ್ಬೇಕು" ಎಂದಳು. ಕೊರೊನಾದ ಆ ವರ್ಷ ಅವಳ ರೂಮಿನ ಬಾಗಿಲ ಹೊರಗೆ ತಟ್ಟೆ ಇಟ್ಟು ಬರುತ್ತಿದ್ದುದು ನನಗೆ ನೆನಪಾಯಿತು. ನಮ್ಮ ಯಜಮಾನರು ಅನ್ನ ಕಲಸುತ್ತ, "ಹೋಗ್ಲಿ ಬಿಡೇ, ನೋಡ್ಕೊಂಡು ಬರ್ಲಿ" ಎಂದುಬಿಟ್ಟರು. ಅವರು ಯಾವುದಕ್ಕೂ ಹಾಗೇ ಅನ್ನುವುದು. ಮನೆಗೆ ಬೆಂಕಿ ಬಿದ್ದರೂ "ಆರತ್ತೆ ಬಿಡೇ" ಅನ್ನುವ ಜನ.

ಊರಿಗೆಲ್ಲ ಹೇಳಬೇಕಾದವಳು ಮಾತ್ರ ನಾನು. ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಿದ್ದ ಗೆಳತಿಯೊಬ್ಬರು ದನಿ ತಗ್ಗಿಸಿ, ಸಾವಿನ ಮನೆಯಲ್ಲಿ ವಿಚಾರಿಸುವ ಹಾಗೆ, "ಯಾಕ್ರೀ, ಅಡ್ಮಿಷನ್ ಆಗ್ಲಿಲ್ವಾ?" ಎಂದರು. "ಆಗಿದೆ ಕಣ್ರೀ. ಅವಳೇ ಒಂದು ವರ್ಷ ಮುಂದಕ್ಕೆ ಹಾಕಿದಾಳೆ. ವಾಲಂಟಿಯರ್ ಮಾಡೋಕ್ಕೆ ಹೋಗ್ತಾಳಂತೆ" ಎಂದೆ. "ಓ" ಎಂದರು. ಬಹಳ ಉದ್ದದ ಓ ಅದು. ಅದು ಮುಗಿಯುವಷ್ಟರಲ್ಲಿ ನಾನು ಎರಡು ಮೈಸೂರುಪಾಕು ತಿಂದು ಮುಗಿಸಿದ್ದೆ.

ಅವಳು ಹೋದದ್ದು ಶ್ರೀಲಂಕಾದ ದಕ್ಷಿಣ ಕರಾವಳಿಯ ಒಂದು ಹಳ್ಳಿಗೆ. ಬೆಳಿಗ್ಗೆ ಸಮುದ್ರದ ಆಮೆಮರಿಗಳ ಆರೈಕೆ, ಮಧ್ಯಾಹ್ನ ಊರಿನ ಮಕ್ಕಳಿಗೆ ಇಂಗ್ಲಿಷ್ ಪಾಠ. ಮನೆಯಲ್ಲಿ ತಾನು ಹಾಲು ಕುಡಿದ ಲೋಟ ತೊಳೆಯದವಳು ಅಲ್ಲಿ ಆಮೆಯ ತೊಟ್ಟಿ ಉಜ್ಜುತ್ತಾಳೆಂದು ಕೇಳಿ ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಜೊತೆಗೆ ಬೇರೆ ಬೇರೆ ದೇಶದಿಂದ ಬಂದ ಇನ್ನು ನಾಲ್ಕು ಹುಡುಗಿಯರು. ಐವರೂ ಇದ್ದದ್ದು ಕುಸುಮಾ ಅಕ್ಕ ಎನ್ನುವವರ ಮನೆಯಲ್ಲಿ. ಸಿಂಹಳದಲ್ಲೂ ಅಕ್ಕನಿಗೆ ಅಕ್ಕ ಎಂದೇ ಅನ್ನುತ್ತಾರಂತೆ. ಅದನ್ನು ಕೇಳಿದ ಮೇಲೆ ನನಗೆ ಅರ್ಧ ಜೀವ ಬಂತು. ಅಕ್ಕ ಅನ್ನುವವರು ಇರುವ ಕಡೆ ಹುಡುಗಿ ಉಪವಾಸ ಮಲಗುವುದಿಲ್ಲ.

ಇಲ್ಲಿ ಮನೆ ಖಾಲಿಯಾಯಿತು. ಗರಾಜಿನ ಬಾಗಿಲಲ್ಲಿ ಅವಳ ಶೂ ಎಡವದೆ ಒಳಗೆ ಬರುವುದು ನನಗೆ ಅಭ್ಯಾಸವೇ ಇರಲಿಲ್ಲ. ಹದಿನೆಂಟು ವರ್ಷ "ಶೂ ಎತ್ತಿಡೇ" ಎಂದು ಕಿರುಚಿದವಳಿಗೆ ಈಗ ಆ ಜಾಗ ಬೋಳುಬೋಳಾಗಿ ಕಾಣುತ್ತಿತ್ತು. ನಾನು ಮನೆಯಿಂದಲೇ ಕೆಲಸ ಮಾಡುವವಳು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ದಿನವಿಡೀ ತಪ್ಪು ಹುಡುಕಿ ಸಂಜೆ ಕೆಳಗಿಳಿದು ಬಂದರೆ ತಪ್ಪು ಹುಡುಕಲು ಮನೆಯಲ್ಲಿ ಯಜಮಾನರೊಬ್ಬರೇ ಉಳಿದಿದ್ದರು. ಅವರಲ್ಲಿ ಎಷ್ಟು ಅಂತ ಹುಡುಕುವುದು, ಎಲ್ಲ ಹಳೆಯವೇ.

ಇಂಚರ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಅವಳಿಗೆ ಶುಕ್ರವಾರ ಸಂಜೆ, ನನಗೆ ಶುಕ್ರವಾರ ಬೆಳಿಗ್ಗೆ. ವಾರವೆಲ್ಲ ಕೇಳಬೇಕೆಂದುಕೊಂಡ ನೂರು ಪ್ರಶ್ನೆ ಅವಳ ಮುಖ ನೋಡಿದ ಕೂಡಲೇ ಒಂದೇ ಆಗಿಬಿಡುತ್ತಿತ್ತು. "ಊಟ ಆಯ್ತಾ?" "ಆಯ್ತು." "ಏನ್ ಮಾಡಿದ್ರು?" "ರೈಸ್." "ಹುಷಾರಾಗಿದೀಯಾ?" "ಐ ಆಮ್ ಫೈನ್, ಅಮ್ಮಾ." "ಮತ್ತೆ?" "ನಥಿಂಗ್. ಲವ್ ಯು, ಬೈ." ಏಳು ದಿನ ಕಾದ ಫೋನು ಕುಕ್ಕರು ಒಂದು ಸೀಟಿ ಹಾಕುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಆಮೇಲೆ ನಾನು ಕಪ್ಪಗಾದ ಸ್ಕ್ರೀನಿನಲ್ಲಿ ನನ್ನದೇ ಮುಖ ನೋಡಿಕೊಂಡು ಆಫೀಸಿನ ಮೀಟಿಂಗಿಗೆ ಹೋಗುತ್ತಿದ್ದೆ.

"ಅಷ್ಟೊಂದು ಆಸೆಯಿದ್ದರೆ ನೀವೇ ಹೋಗಿ ನೋಡಿಕೊಂಡು ಬರಬಹುದಿತ್ತಲ್ಲ" ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ನನ್ನ ಮತ್ತು ಯಜಮಾನರ ಪಾಸ್‌ಪೋರ್ಟಿನಲ್ಲಿರುವ ವೀಸಾದ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಈ ದೇಶದೊಳಗೆ ಇರುವುದಕ್ಕೆ, ದುಡಿಯುವುದಕ್ಕೆ, ತೆರಿಗೆ ಕಟ್ಟುವುದಕ್ಕೆ ಏನೂ ಅಡ್ಡಿಯಿಲ್ಲ, ಅದಕ್ಕೆ ಬೇರೆ ಕಾಗದವಿದೆ. ಹೊರಗೆ ಕಾಲಿಟ್ಟರೆ ಮಾತ್ರ ತಿರುಗಿ ಬರುವುದಕ್ಕೆ ಹೊಸ ಸ್ಟ್ಯಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಮುದ್ರೆ, ಆಗಬೇಕು. ಅದಕ್ಕೆ ಊರಿನ ಕಾನ್ಸುಲೇಟಿನಲ್ಲಿ ಅಪಾಯಿಂಟ್‌ಮೆಂಟ್ ಸಿಗಬೇಕು, ಸಿಕ್ಕಿದ್ದು ಕ್ಯಾನ್ಸಲ್ ಆಗದೇ ಇರಬೇಕು. ನಮ್ಮ ಪರಿಚಯದವರೊಬ್ಬರು ತಂಗಿಯ ಮದುವೆಗೆಂದು ಹತ್ತು ದಿನಕ್ಕೆ ಬೆಂಗಳೂರಿಗೆ ಹೋದವರು ಅವಳ ಸೀಮಂತವನ್ನೂ ಮುಗಿಸಿಕೊಂಡು ಬಂದರು. ಅಷ್ಟರಲ್ಲಿ ಇಲ್ಲಿ ಅವರ ಕೆಲಸ ಹೋಗಿತ್ತು. ಮಗಳು ಇಲ್ಲೇ ಹುಟ್ಟಿದವಳು, ಅವಳದು ಈ ದೇಶದ್ದೇ ಪಾಸ್‌ಪೋರ್ಟು, ಎಲ್ಲಿ ಬೇಕಾದರೂ ಹೋಗುತ್ತಾಳೆ, ಬರುತ್ತಾಳೆ. ಒಂದೇ ಮನೆ, ಒಂದೇ ಸಾರು ಉಂಡವರು. ನಾವಿಬ್ಬರೂ ಅಟ್ಲಾಂಟಾ ಏರ್‌ಪೋರ್ಟಿನಲ್ಲಿ ಸೆಕ್ಯುರಿಟಿಯ ಸಾಲಿನವರೆಗೆ ಹೋಗಿ ಕೈಬೀಸಿ ಬಂದೆವು.

ಹಾಗಾಗಿ ನನ್ನ ಪ್ರವಾಸವೆಲ್ಲ ಕಾರು ಹೋಗುವಷ್ಟು ದೂರ. ಊರಿಂದ ಬಂದ ಪ್ರತಿಯೊಬ್ಬ ನೆಂಟರಿಗೂ ಸ್ಟೋನ್ ಮೌಂಟನ್ ತೋರಿಸಿದ್ದೇನೆ. ವಾಷಿಂಗ್ಟನ್ನಿಗೆ ಚೆರ್ರಿ ಹೂವೆಲ್ಲ ಉದುರಿದ ಮೇಲೆ ಕರೆದುಕೊಂಡು ಹೋಗಿ ಕೊಂಬೆ ತೋರಿಸಿದ್ದೇನೆ. ಕ್ಯಾರೊಲಿನಾದ ಮಿರ್ಟಲ್ ಬೀಚಿನಲ್ಲಿ ನಮ್ಮತ್ತೆ ಸೀರೆ ಎತ್ತಿ ಕಟ್ಟಿಕೊಂಡು ಅಲೆಗೆ ಬೆನ್ನು ಹಾಕಿ ನಿಂತ ಫೋಟೊ ನಮ್ಮ ಹಾಲಿನಲ್ಲಿದೆ. ಆ ಫೋಟೊ ತೆಗೆಯುವಾಗ ನನ್ನ ಕಣ್ಣು ಅತ್ತೆಯ ಹಿಂದಿನ ನೀರಿನ ಮೇಲಿತ್ತು. ಆ ಕಡೆ ಏನೇನಿದೆಯೋ, ನೋಡುವುದು ಯಾವಾಗಲೋ ಅನಿಸುತ್ತಿತ್ತು. ನನಗೆ ಊರು ನೋಡುವ ಹುಚ್ಚು ಚಿಕ್ಕಂದಿನಿಂದ ಇದೆ.

ಒಂದು ಶುಕ್ರವಾರ ಫೋನಿನಲ್ಲಿ ಊಟದ ವಿಚಾರಣೆ ಮುಗಿದು ಬೈ ಹೇಳುವ ಹೊತ್ತಿಗೆ ಇಂಚರ, "ಅಮ್ಮಾ, ಈ ವೀಕೆಂಡ್ ನಾವು ಎಲ್ಲಾದ್ರೂ ಹೋಗ್ಬೇಕು. ಯಾರಿಗೂ ಏನೂ ಗೊತ್ತಿಲ್ಲ. ನೀನು ಸ್ವಲ್ಪ ನೋಡ್ತೀಯಾ?" ಎಂದಳು. ಅಷ್ಟೇ ಅವಳು ಅಂದದ್ದು. ನಾನು ಆ ದಿನ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತು ಶ್ರೀಲಂಕಾದ ದಕ್ಷಿಣ ಕರಾವಳಿಯನ್ನು ಜಾಲಾಡಿದೆ. ಜನ ಹೋಗಿ ಬಂದು ಹಾಕಿದ ವಿಡಿಯೋ, ಬರೆದ ಬೈಗುಳ, ಹೊಗಳಿಕೆ, ಎಲ್ಲ ಓದಿದೆ. ಮಧ್ಯಾಹ್ನದ ಹೊತ್ತಿಗೆ ಪ್ಲಾನ್ ರೆಡಿಯಾಗಿತ್ತು.

ಆ ಪ್ಲಾನಿನ ಬಗ್ಗೆ ಹೇಳುವ ಮೊದಲು ನಮ್ಮಪ್ಪನ ಬಗ್ಗೆ ಹೇಳಬೇಕು, ತಪ್ಪು ನನ್ನೊಬ್ಬಳದೇ ಅಲ್ಲ ಎಂದು ನಿಮಗೆ ಗೊತ್ತಾಗಲಿ. ಅಪ್ಪ ಬ್ಯಾಂಕಿನಲ್ಲಿದ್ದರು. ಅವರ ಮಟ್ಟಿಗೆ ಪ್ರವಾಸವೆಂದರೆ ಮುಗಿಸುವ ಕೆಲಸ. ಬೇಸಿಗೆ ರಜದಲ್ಲಿ ಒಂದು ವ್ಯಾನು ಗೊತ್ತುಮಾಡಿ, ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಯವರನ್ನೆಲ್ಲ ತುಂಬಿ, ಬೆಳಕು ಹರಿಯುವ ಮೊದಲೇ ಹೊರಡಿಸುತ್ತಿದ್ದರು. ಪುಳಿಯೋಗರೆ, ಮೊಸರನ್ನ, ಚಾಪೆ, ನೀರಿನ ಕ್ಯಾನು. ದೇವಸ್ಥಾನದ ಮುಂದೆ ವ್ಯಾನು ನಿಂತ ಕೂಡಲೇ "ಇಳೀರಿ, ನೋಡಿ, ಹತ್ತಿ" ಎನ್ನುತ್ತಿದ್ದರು. ಬೇಲೂರು ಆಯ್ತು, ಹಳೇಬೀಡು ಆಯ್ತು, ಬೆಳಗೊಳ ಆಯ್ತು. ಬೇಲೂರಿನ ಶಿಲಾಬಾಲಿಕೆಯರನ್ನು ನಾನು ನೋಡಿದ್ದು ಅಪ್ಪನ ಕೈಹಿಡಿದು ಓಡುತ್ತ. ಅವರಲ್ಲಿ ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ, ಕ್ಯಾಲೆಂಡರಿನಲ್ಲಿ.

ಆ ರಕ್ತವೇ ನನ್ನಲ್ಲೂ ಹರಿಯುವುದು. ನಾನು ಕಳಿಸಿದ ಮೊದಲ ಪ್ಲಾನಿನಲ್ಲಿ ಒಂದೇ ಶನಿವಾರಕ್ಕೆ ಏಳು ಜಾಗಗಳಿದ್ದವು. ಕೋಟೆ, ಬೀಚು, ತೆಂಗಿನಮರದ ಗುಡ್ಡ, ದೊಡ್ಡ ಬುದ್ಧನ ದೇವಸ್ಥಾನ, ಹಾವಿನ ಫಾರಂ, ಲೈಟ್‌ಹೌಸು, ಕೊನೆಗೆ ಬಂಡೆಯ ಸಂದಿಯಿಂದ ಸಮುದ್ರದ ನೀರು ಕಾರಂಜಿಯ ಹಾಗೆ ಚಿಮ್ಮುವ ಒಂದು ಜಾಗ. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು. ಪುಳಿಯೋಗರೆ ಕಟ್ಟಿಕೊಳ್ಳುವುದು. ಕುಸುಮಾ ಅಕ್ಕನಿಗೆ ವಿಡಿಯೋದಲ್ಲಿ ಗೊಜ್ಜು ಮಾಡುವುದನ್ನು ತೋರಿಸಿದೆ. ಅವರಿಗೆ ಕನ್ನಡ ಬಾರದು, ನನಗೆ ಸಿಂಹಳ ಬಾರದು. ಹುಣಿಸೆಹಣ್ಣನ್ನು ಎತ್ತಿ ತೋರಿಸಿದೆ, ಅವರೂ ಒಳಗೆ ಹೋಗಿ ಹುಣಿಸೆಹಣ್ಣು ತಂದು ತೋರಿಸಿದರು. ಅಲ್ಲಿಂದ ಮುಂದೆ ಮಾತಿನ ಅಗತ್ಯ ಬೀಳಲಿಲ್ಲ.

ಆ ಐವರಲ್ಲಿ ಲೀನಾ ಎಂಬ ಜರ್ಮನಿಯ ಹುಡುಗಿಯೊಬ್ಬಳು ಇದ್ದಳು. ಅವಳು ನನ್ನ ಪ್ಲಾನನ್ನು ಸರ್ಕಾರಿ ಆದೇಶದ ಹಾಗೆ ಸ್ವೀಕರಿಸಿದಳು. ಅದನ್ನು ತನ್ನ ಫೋನಿಗೆ ಹಾಕಿಕೊಂಡು, ಜಾಗಕ್ಕೊಂದು ಅಲಾರಂ ಇಟ್ಟು, ಉಳಿದವರನ್ನು ಹತ್ತಿಸಿ ಇಳಿಸಿದಳು. ನಮ್ಮಪ್ಪ ಇದ್ದಿದ್ದರೆ ದತ್ತು ತೆಗೆದುಕೊಳ್ಳುತ್ತಿದ್ದರು. ನೀರು ಚಿಮ್ಮುವ ಬಂಡೆಗೆ ನಾನು ಹದಿನೈದು ನಿಮಿಷ ಕೊಟ್ಟಿದ್ದೆ. ಸಮುದ್ರಕ್ಕೆ ಅದು ಗೊತ್ತಿರಲಿಲ್ಲ. ಹದಿನೈದು ನಿಮಿಷ ಐವರೂ ಒಣ ಬಂಡೆಯನ್ನು ನೋಡುತ್ತ ನಿಂತರಂತೆ. ಲೀನಾ ಎಲ್ಲರನ್ನೂ ವ್ಯಾನಿಗೆ ಹತ್ತಿಸಿ ಬಾಗಿಲು ಹಾಕಿದ ಮೇಲೆ ಹಿಂದಿನಿಂದ ನೀರು ತೆಂಗಿನಮರದೆತ್ತರ ಚಿಮ್ಮಿತಂತೆ. ಮರುದಿನ ಅವಳಿಂದ ನನಗೊಂದು ಮೆಸೇಜು: "ಆಂಟಿ, ಲೈಟ್‌ಹೌಸಿಗೆ ನಾಲ್ಕು ನಿಮಿಷ ತಡವಾಗಿ ಹೋದೆವು, ಕ್ಷಮಿಸಿ." ಅವಳು ಬರೆದದ್ದು ಇಂಗ್ಲಿಷಿನಲ್ಲಿ. ಕ್ಷಮೆಯನ್ನು ಮಾತ್ರ ನಾನು ಕನ್ನಡದಲ್ಲೇ ಅನುಭವಿಸಿದೆ.

ನನ್ನ ಮಗಳು ಬೈಯುತ್ತಾಳೆ ಎಂದುಕೊಂಡಿದ್ದೆ. ಮುಂದಿನ ಶುಕ್ರವಾರ ಫೋನ್ ಮಾಡಿ, ನಗುತ್ತ, "ಅಮ್ಮಾ, ನಾವೆಲ್ಲ ಡೆಡ್. ಸೆವೆನ್ ಪ್ಲೇಸಸ್ ಯಾರಾದ್ರೂ ಮಾಡ್ತಾರಾ? ನೆಕ್ಸ್ಟ್ ಎಲ್ಲಿ?" ಎಂದಳು. ಆ ದಿನ ಮುಕ್ಕಾಲು ಗಂಟೆ ಮಾತಾಡಿದೆವು. ಆಗ ನನಗೆ ಗುಟ್ಟು ತಿಳಿಯಿತು. ಊಟ ಆಯ್ತಾ ಎಂದು ಕೇಳಿದರೆ ಎರಡು ನಿಮಿಷ, ದಾರಿ ಹೇಳಿದರೆ ಮುಕ್ಕಾಲು ಗಂಟೆ. ಯಾವ ಬಸ್ಸು, ಎಲ್ಲಿ ಇಳಿಯುವುದು ಎಂದು ಹೇಳುತ್ತಿದ್ದರೆ ನಡುನಡುವೆ ಬೇರೆ ಸುದ್ದಿಗಳು ತಾವಾಗಿ ಬೀಳುತ್ತಿದ್ದವು. ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ದಿನಾ ಅವಳ ಜಡೆ ಹಿಡಿದುಕೊಂಡೇ ಪಾಠ ಕೇಳುತ್ತಾಳಂತೆ. ಒಂದು ತೊಟ್ಟಿಯ ಆಮೆಮರಿಗಳೆಲ್ಲ ಸತ್ತ ದಿನ ಇವಳು ಕುಸುಮಾ ಅಕ್ಕನ ಅಡುಗೆಮನೆಯಲ್ಲಿ ಕೂತು ಅತ್ತಳಂತೆ. "ಯಾಕೆ ನನಗೆ ಹೇಳ್ಲಿಲ್ಲ?" ಎಂದೆ. "ನೀನು ಕೇಳ್ಲಿಲ್ವಲ್ಲ" ಎಂದಳು. ನಾನು ಹುಷಾರಾಗಿದೀಯಾ ಎಂದು ಕೇಳಿದ್ದೆ. ಆಮೆ ಹೇಗಿದೆ ಎಂದು ಕೇಳಿರಲಿಲ್ಲ, ನಿಜ.

ಅಲ್ಲಿಂದ ನಾನು ಪೂರ್ಣಾವಧಿ ಲಂಕಾಧಿಕಾರಿಯಾದೆ. ಏಳು ಜಾಗ ಐದಾಯಿತು, ಐದು ಮೂರಾಯಿತು, ಅದಕ್ಕಿಂತ ಕೆಳಗೆ ಇಳಿಸುವುದು ನನ್ನ ಕೈಲಾಗಲಿಲ್ಲ. ನುವಾರಾ ಎಲಿಯಾದ ಬೆಟ್ಟಕ್ಕೆ ಕಳಿಸಿದಾಗ ಅಲ್ಲಿ ಹತ್ತಿರದಲ್ಲೇ ಅಶೋಕವನವಿದ್ದ ಜಾಗ ಎಂದು ತೋರಿಸುವ ಒಂದು ಗುಡಿಯಿದೆ, ಅದನ್ನು ಬಿಡಬಾರದೆಂದು ತಾಕೀತು ಮಾಡಿದ್ದೆ. ಹೊಳೆಯ ಪಕ್ಕ ಕೂತು ಇಂಚರ ಇಂಗ್ಲಿಷಿನಲ್ಲಿ ಉಳಿದ ನಾಲ್ವರಿಗೂ ಕಥೆ ಹೇಳಿದಳಂತೆ. "ಅಮ್ಮಾ, ಲೀನಾ ಕೇಳಿದ್ಲು, ಶಿ ಜಸ್ಟ್ ವೇಟೆಡ್? ಅಷ್ಟು ದಿನ?" ಎಂದಳು. ಹೌದು ಕಣೇ ಎಂದೆ. ಫೋನ್ ಇಟ್ಟ ಮೇಲೆ ಯೋಚನೆ ಮಾಡಿದೆ. ಲಂಕೆಯಲ್ಲಿರುವವಳು ಹೊಳೆಗೆ ಕಾಲು ಇಳಿಬಿಟ್ಟು ಹಾಯಾಗಿದ್ದಾಳೆ. ಕಾಯುವ ಕೆಲಸ ಜಾನ್ಸ್ ಕ್ರೀಕ್‌ನಲ್ಲಿ ಡಿಶ್‌ವಾಷರ್ ತುಂಬುತ್ತಿರುವವಳ ಪಾಲಿಗೆ ಬಂದಿದೆ. ಹೇಳಿದರೆ ಯಜಮಾನರು ನಕ್ಕಾರೆಂದು ಹೇಳಲಿಲ್ಲ.

ಡಿಸೆಂಬರ್ ಹತ್ತಿರ ಬಂತು. ಅಲ್ಲಿ ಶಾಲೆಗೆ ರಜ, ಇವಳಿಗೂ ಎರಡು ವಾರ ಬಿಡುವು. ನಾನು ಬಾಯಿಬಿಟ್ಟು ಕೇಳಿರಲಿಲ್ಲ, ಆದರೆ ಮನೆಗೆ ಬರುತ್ತಾಳೆಂದು ಅವಳ ಹಾಸಿಗೆಯ ಹೊದಿಕೆ ಒಗೆದು ಹಾಕಿದ್ದೆ. ಇಂಡಿಯನ್ ಅಂಗಡಿಯಿಂದ ಅವಳಿಗಿಷ್ಟವೆಂದು ಗೋರಿಕಾಯಿ ತಂದು ಫ್ರೀಜರಿಗೆ ಹಾಕಿದ್ದೆ. ಒಂದು ಶುಕ್ರವಾರ ಅವಳು, "ಅಮ್ಮಾ, ಬ್ರೇಕ್‌ಗೆ ಎಲ್ರೂ ಬಿಗ್ ಟ್ರಿಪ್ ಹೋಗ್ತಿದಾರೆ. ನಾನು ಮನೆಗೂ ಬರಬಹುದು. ವಾಟ್ ಡು ಯು ಥಿಂಕ್?" ಎಂದಳು. ಬಾ ಎಂದರೆ ಬರುತ್ತಿದ್ದಳು. ನನಗೆ ಮಗಳು ಬೇಕಿತ್ತು. ಗರಾಜಿನ ಬಾಗಿಲಲ್ಲಿ ಶೂ ಬೇಕಿತ್ತು, ಬೈಯುವುದಕ್ಕೆ ಒಬ್ಬಳು ಬೇಕಿತ್ತು. ಬಾಯಿಂದ ಬಂದದ್ದು ಮಾತ್ರ, "ನಿನ್ನಿಷ್ಟ." ಮೈಸೂರಿನಲ್ಲಿ ತಾಯಿಯೊಬ್ಬಳು ನಿನ್ನಿಷ್ಟ ಎಂದರೆ ಯಾವ ಮಗಳೂ ಹೊಸ್ತಿಲು ದಾಟುವುದಿಲ್ಲ. ಜಾರ್ಜಿಯಾದಲ್ಲಿ ಬೆಳೆದವಳು, "ಓಕೆ. ನೀನು ಫಸ್ಟ್ ಟ್ರಿಪ್ ಪ್ಲಾನ್ ಮಾಡು. ಅದು ನೋಡಿ ಡಿಸೈಡ್ ಮಾಡ್ತೀನಿ" ಎಂದಳು.

ನೋಡಿ, ಎಂಥ ಪರೀಕ್ಷೆ. ನನ್ನ ಮಗಳು ಮನೆಗೆ ಬಾರದೆ ಇರಲು ಬೇಕಾದ ಪ್ಲಾನನ್ನು ನಾನೇ ಹಾಕಬೇಕು. ನನಗೂ ಸಣ್ಣ ಬುದ್ಧಿ ಬಂತು, ಸುಳ್ಳು ಯಾಕೆ ಹೇಳಲಿ. ಡಿಸೆಂಬರಿನಲ್ಲಿ ಆ ದ್ವೀಪದ ಪೂರ್ವದ ಕಡೆ ಮಳೆ ಹಿಡಿದುಕೊಳ್ಳುತ್ತದೆ. ಅಷ್ಟು ದಿನದ ಅಭ್ಯಾಸದಲ್ಲಿ ನನಗದು ಬಾಯಿಪಾಠವಾಗಿತ್ತು. ಅದೇ ಕಡೆಗೆ ಎರಡು ವಾರದ ಪ್ಲಾನ್ ಹಾಕಿದೆ. ಟ್ರಿಂಕೋಮಲಿಯ ಕಡಲು, ಮಳೆ, ಸೊಳ್ಳೆ, ಉದ್ದುದ್ದ ಬಸ್ ಪ್ರಯಾಣ. ಯಾರು ನೋಡಿದರೂ ಮನೆಗೆ ಓಡಿ ಬರಬೇಕು, ಅಂಥದ್ದು. ಬರೆದು ಮುಗಿಸಿ ಕಳಿಸುವ ಬಟನ್ ಮೇಲೆ ಬೆರಳಿಟ್ಟು ಕೂತೆ. ಒಂದು ವೇಳೆ ಹೋಗೇಬಿಟ್ಟರೆ? ಮೊದಲೇ ಹಟದ ಹುಡುಗಿ. ನೆನೆದು ನೆಗಡಿಯಾಗಿ, ಎಲ್ಲೋ ಬಸ್ ಸ್ಟ್ಯಾಂಡಿನಲ್ಲಿ ಮುದುಡಿ ಕೂತರೆ? ಅದೂ ಇರಲಿ, ಲೀನಾ ನನ್ನ ಬಗ್ಗೆ ಏನಂದುಕೊಳ್ಳುತ್ತಾಳೆ? ಇಷ್ಟು ದಿನದ ನನ್ನ ಹೆಸರು ಏನಾಗಬೇಕು? ಅಳಿಸಿಹಾಕಿದೆ.

ಆಮೇಲೆ ಹೊಸದಾಗಿ ಬರೆದೆ. ಕ್ಯಾಂಡಿ, ಸಿಗಿರಿಯಾದ ಬಂಡೆ, ಅನುರಾಧಪುರದ ಹಳೆಯ ಅಶ್ವತ್ಥಮರ, ಕೊನೆಗೆ ಪಶ್ಚಿಮದ ಕಡೆ ಕಲ್ಪಿಟಿಯಾ. ಅಲ್ಲಿ ಆ ಕಾಲದಲ್ಲಿ ಸಮುದ್ರ ಶಾಂತ, ಬೆಳಿಗ್ಗೆ ದೋಣಿಯಲ್ಲಿ ಹೋದರೆ ಡಾಲ್ಫಿನ್‌ಗಳ ಹಿಂಡು. ಬರೆಯುತ್ತ ಬರೆಯುತ್ತ ನನಗೇ ಹೋಗಬೇಕೆನಿಸಿತು. ನಾನು ಎಂದಾದರೂ ಹೋದರೆ ಎಲ್ಲಿ ಕೂರುತ್ತಿದ್ದೆ, ಏನು ತಿನ್ನುತ್ತಿದ್ದೆ, ಎಲ್ಲವನ್ನೂ ಆ ಪ್ಲಾನಿಗೆ ಹಾಕಿದೆ. ಯಜಮಾನರು ಓದಿ ನೋಡಿ ಕನ್ನಡಕ ತೆಗೆದು, "ಒಂದು ಕೆಟ್ಟ ಪ್ಲಾನ್ ಮಾಡೋಕ್ಕೂ ಬರಲ್ವಲ್ಲೇ ನಿಂಗೆ" ಎಂದರು. ಮುಂದಿನ ಶುಕ್ರವಾರ ಇಂಚರ, "ಅಮ್ಮಾ, ಇದು ಟೂ ಗುಡ್. ಹೇಗೆ ಬಿಡೋದು ಹೇಳು?" ಎಂದಳು. "ಬಿಡಬೇಡ, ಹೋಗ್ಬಾ" ಎಂದೆ. ದನಿ ಸರಿಯಾಗಿಯೇ ಇತ್ತು. ಫೋನ್ ಇಟ್ಟು ಫ್ರೀಜರ್ ತೆಗೆದು ಆ ಗೋರಿಕಾಯಿಯ ಪಲ್ಯ ಮಾಡಿ ಇಬ್ಬರೇ ತಿಂದೆವು. ಉಪ್ಪು ಹಾಕಿರಲಿಲ್ಲ. ಯಜಮಾನರು ಇನ್ನೊಂದು ಸಲ ಬಡಿಸಿಕೊಂಡರು.

ಒಂದು ಸಣ್ಣ ಕೈಚಳಕ ಮಾತ್ರ ಮಾಡಿದ್ದೆ. ಟ್ರಿಪ್ಪಿನಲ್ಲಿ ಓಡಾಟದ ಗಡಿಬಿಡಿ, ಶುಕ್ರವಾರದ ಫೋನು ತಪ್ಪುತ್ತದೆಂದು ಗೊತ್ತಿತ್ತು. ಅದಕ್ಕೆ ಕಲ್ಪಿಟಿಯಾದ ಶನಿವಾರಕ್ಕೆ, ಡಾಲ್ಫಿನ್ ಮತ್ತು ರಾತ್ರಿಯೂಟದ ನಡುವೆ, ಹೀಗೆ ಸೇರಿಸಿದ್ದೆ: "ಸಂಜೆ ಐದೂವರೆ. ಬೀಚಿನಲ್ಲಿ ಸೂರ್ಯಾಸ್ತ. ಅಮ್ಮನಿಗೆ ವಿಡಿಯೋ ಕಾಲ್. ಅರ್ಧ ಗಂಟೆ."

ಆ ಶನಿವಾರ ನಮಗೆ ಬೆಳಿಗ್ಗೆ ಏಳು. ನಾನು ತಲೆ ಬಾಚಿಕೊಂಡು, ಒಳ್ಳೆಯದೊಂದು ಕುರ್ತಾ ಹಾಕಿಕೊಂಡು ಫೋನಿನ ಮುಂದೆ ಕೂತಿದ್ದೆ. ಏಳಕ್ಕೆ ಸರಿಯಾಗಿ ಫೋನ್ ಬಂತು. ಎತ್ತಿದರೆ ಲೀನಾ. "ಗುಡ್ ಮಾರ್ನಿಂಗ್ ಆಂಟಿ. ಐದೂವರೆ ಆಯಿತು. ಪ್ಲಾನಿನಲ್ಲಿ ಅಮ್ಮನಿಗೆ ಕಾಲ್ ಅಂತ ಇದೆ. ಇಂಚರ ಇನ್ನೂ ನೀರಿನಲ್ಲಿದ್ದಾಳೆ, ಅವಳ ಫೋನು ರೂಮಿನಲ್ಲಿದೆ. ಅದಕ್ಕೆ ನಾನು ಮಾಡಿದೆ" ಎಂದು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು. ಅವಳನ್ನು ಕರೆಯಲೇ ಎಂದು ಕೇಳಿದಳು. ಬೇಡ, ಆಡಲಿ ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಲೀನಾ ಫೋನನ್ನು ಸಮುದ್ರದ ಕಡೆ ತಿರುಗಿಸಿ, "ಎಡಗಡೆಯಿಂದ ಎರಡನೆಯ ತಲೆ" ಎಂದಳು.

ಕೆಂಪು ಬೆಳಕು, ನೀರು, ಸಾಸಿವೆ ಕಾಳಿನಷ್ಟು ನಾಲ್ಕು ತಲೆ. ಎರಡನೆಯದನ್ನು ನೋಡಿದೆ. ಅದು ಮುಳುಗುತ್ತಿತ್ತು, ಏಳುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ, ನಗು ಆಗಾಗ ಗಾಳಿಯಲ್ಲಿ ಬರುತ್ತಿತ್ತು. ಯಜಮಾನರು ಕಾಫಿ ಹಿಡಿದುಕೊಂಡು ಬಂದು ಹಿಂದೆ ನಿಂತು, "ಯಾವುದೇ ಅವಳು?" ಎಂದರು. "ಎರಡನೇದು ರೀ" ಎಂದೆ. ಅವರೂ ನೋಡಿದರು. ಕಾಫಿಯ ಮೇಲೆ ಕೆನೆ ಕಟ್ಟಿತು. ಚಿತ್ರ ಒಮ್ಮೆ ಅಲುಗಿತು, ಲೀನಾ ಕೈ ನೋವಾಗಿ ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿರಬೇಕು, ಆದರೆ ಇಳಿಸಲಿಲ್ಲ. ಅರ್ಧ ಗಂಟೆ ಎಂದು ಬರೆದಿದ್ದೆನಲ್ಲ.

ಆ ಹುಡುಗಿಯ ಕೈ ನೆನೆದು ನನಗೆ ಪಾಪ ಅನಿಸಿತು. "ಲೀನಾ, ನಿಮ್ಮಮ್ಮನ ಹತ್ರ ಮಾತಾಡಿದ್ಯಾ?" ಎಂದು ಕೇಳಿದೆ. "ಇಲ್ಲ ಆಂಟಿ. ಟ್ರಿಪ್ ಶುರುವಾದ ಮೇಲೆ ಮಾತಾಡಿಲ್ಲ. ಪ್ಲಾನಿನಲ್ಲಿ ಇರಲಿಲ್ಲ" ಎಂದಳು. ಐದು ಹುಡುಗಿಯರ ಎರಡು ವಾರಕ್ಕೆ ಬಾತ್‌ರೂಮು ಸಹಿತ ಎಲ್ಲ ಹುಡುಕಿ ಬರೆದವಳು ಅಮ್ಮಂದಿರ ಪೈಕಿ ನನ್ನೊಬ್ಬಳನ್ನೇ ಸೇರಿಸಿಕೊಂಡಿದ್ದೆ. ಜರ್ಮನಿಯ ಯಾವುದೋ ಮನೆಯಲ್ಲಿ ಒಬ್ಬಾಕೆ ಫೋನು ನೋಡುತ್ತ ಕೂತಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. "ಅಯ್ಯೋ, ಮಾಡಮ್ಮ. ಈಗಲೇ ಮಾಡು" ಎಂದೆ.

ಅಷ್ಟು ಹೊತ್ತಿಗೆ ಎರಡನೆಯ ತಲೆ ನೀರಿನಿಂದ ಎದ್ದಿತ್ತು. ಭುಜ ಬಂತು, ಮೊಣಕಾಲು ಬಂತು. ಕಪ್ಪಾಗಿದ್ದಳು, ಸ್ವಲ್ಪ ಸಣ್ಣಗಾಗಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ಈ ಕಡೆ ನೋಡಿದಳು. ಗುರುತು ಸಿಕ್ಕಿರಬೇಕು, ಮರಳಿನ ಮೇಲೆ ಓಡಿ ಬರತೊಡಗಿದಳು. ಬಾಯಿ ತೆರೆದದ್ದು ಕಾಣಿಸಿತು.

"ಓಕೆ ಆಂಟಿ" ಎಂದು ಲೀನಾ ಫೋನ್ ಇಟ್ಟಳು.

"ಏನಾಯ್ತೇ?" ಎಂದರು ಯಜಮಾನರು.

"ಲೀನಾ ಅವರಮ್ಮನಿಗೆ ಫೋನ್ ಮಾಡ್ತಿದಾಳೆ."

"ಇವಾಗ್ಲೇನಾ?"

"ಹೂಂ. ನಾನೇ ಹೇಳ್ದೆ."

ಅವರು ಕಾಫಿ ಬಿಸಿ ಮಾಡಲು ಒಳಗೆ ಹೋದರು. ನಾನು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತೆ. ಪ್ಲಾನಿನ ಪ್ರಕಾರ ನನಗಿನ್ನೂ ಸ್ವಲ್ಪ ಹೊತ್ತು ಬಾಕಿಯಿತ್ತು.